ಬಾವಲಿಯ ಏಟಿಗೆ ಹಳ್ಳ ದಾಟಿದವರು

ನನ್ನ ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಆಸ್ಪತ್ರೆ, ಬ್ಯಾಂಕು, ದೊಡ್ಡ ದೊಡ್ಡ ವಸತಿ ಕಟ್ಟಡಗಳ ಲಿಫ್ಟುಗಳೆಲ್ಲ ಅವನ ಮಾತು ಕೇಳುತ್ತವೆ. ನಾವಿರುವ ಕಟ್ಟಡಕ್ಕೆ ಮಾತ್ರ ಲಿಫ್ಟೇ ಇಲ್ಲ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ದಿನವಿಡೀ ನಿಂತು, ಸಂಜೆ ತರಕಾರಿ ಚೀಲ ಹೊತ್ತು ಮೂರು ಮಹಡಿ ಹತ್ತಿ ನಾನು ಏದುಸಿರು ಬಿಡುತ್ತಾ ಬಾಗಿಲು ತೆಗೆದರೆ, ಈ ಮಹಾಶಯ ಕಂಪ್ಯೂಟರ್ ಮುಂದೆ ಕೂತು ಕಿಸಕ್ಕನೆ ನಗುತ್ತಿರುತ್ತಾನೆ. ನನ್ನನ್ನು ನೋಡಿಯೇ ನಗುತ್ತಿದ್ದಾನೆಂದು ತಿಳಿದು ಬೈದದ್ದಕ್ಕೆ ಲೆಕ್ಕವಿಲ್ಲ.

"ನಿನ್ನನ್ನ ನೋಡಿ ಅಲ್ಲ ಕಣೇ ಅಕ್ಕ, ಇಲ್ಲೊಬ್ಬ ಸಿಕ್ಕಿದಾನೆ," ಅನ್ನುತ್ತಾನೆ.

ಸಿಕ್ಕಿದ್ದಾನೆ ಅಂದರೆ ಕಾಲೆಳೆಯುವುದಕ್ಕೆ ಸಿಕ್ಕಿದ್ದಾನೆ ಅಂತ. ಹರಟೆಕಟ್ಟೆ ಎಂಬುದು ಅವನು ಬಿಡುವಾದಾಗಲೆಲ್ಲ ಹೋಗಿ ಕೂರುವ ಇಂಟರ್ನೆಟ್ ತಾಣ. ಹಳೇ ಕಾಲದ್ದು. ಅಲ್ಲಿ ಫೋಟೋ ಇಲ್ಲ, ವಿಡಿಯೋ ಇಲ್ಲ, ಬರೀ ಮಾತು. ಒಬ್ಬ ಏನೋ ಒಂದು ವಿಷಯ ಎತ್ತುತ್ತಾನೆ, ಅದರ ಕೆಳಗೆ ಇನ್ನೊಬ್ಬ ಬರೆಯುತ್ತಾನೆ, ಅದರ ಕೆಳಗೆ ಮತ್ತೊಬ್ಬ. ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದು ಶುರುವಾದ ಮಾತು ರಾಕ್ಷಸರ ಕೋಟೆಯಲ್ಲಿ ಹೋಗಿ ಮುಗಿಯುತ್ತದೆ. ಯಾರಿಗೂ ಅಲ್ಲಿ ಸ್ವಂತ ಹೆಸರಿಲ್ಲ. ಒಬ್ಬ ಒಂಟಿ ಸಾಕ್ಸು. ಒಬ್ಬಳು ನಿದ್ದೆಗೇಡಿ. ಎಲ್ಲರನ್ನೂ ಗದರಿಸಿ ಅಂಕೆಯಲ್ಲಿಡುವ ಮನುಷ್ಯ ಹೆಡ್ಮಾಸ್ಟರು. ನನ್ನ ತಮ್ಮ ಮುಳ್ಳುಹಂದಿ.

ಹೆಸರಿಗೆ ತಕ್ಕ ಹಾಗೆ ಮೈಯೆಲ್ಲ ಮುಳ್ಳು. ಯಾರಾದರೂ ಹೊಸ ಆಟವನ್ನು ಹೊಗಳಿದರೆ, "ಅದು ಆಟ ಅಲ್ಲ, ಬಟನ್ ಒತ್ತಿ ನೋಡೋ ಸಿನಿಮಾ" ಎಂದು ಚುಚ್ಚುತ್ತಾನೆ. ಮಂತ್ರವಾದಿಗಳು, ಮಾತಾಡುವ ತೋಳಗಳು ಬರುವ ದಪ್ಪ ಕಾದಂಬರಿಗಳೆಂದರೆ ಕಟ್ಟೆಯ ಅರ್ಧ ಜನಕ್ಕೆ ಪ್ರಾಣ. ಇವನು ಒಂದನ್ನೂ ಓದದೆ, "ದಿಂಬಿನ ಬದಲು ಇಟ್ಕೋಬಹುದು, ಆದರೆ ಕತ್ತು ಉಳುಕಿದರೆ ನನ್ನನ್ನ ಕೇಳಬೇಡಿ" ಅನ್ನುತ್ತಾನೆ. ಅವರು ಕೆರಳಿ ಮೈಮೇಲೆ ಬಿದ್ದರೆ ಇವನಿಗೆ ಹೊಟ್ಟೆ ತುಂಬಿದಷ್ಟು ಖುಷಿ. ಹೆಡ್ಮಾಸ್ಟರು ಆಚೆ ಹಾಕುತ್ತೇನೆ ಎಂದು ಅದೆಷ್ಟು ಸಲ ಹೆದರಿಸಿದ್ದಾರೋ. ಮನೆಯಲ್ಲಿ ಮಾತ್ರ ಬೆಕ್ಕು ಅವನ ಕುರ್ಚಿಯಲ್ಲಿ ಮಲಗಿದರೆ ಎಬ್ಬಿಸದೆ ತಾನು ನೆಲದ ಮೇಲೆ ಕೂರುವ ಪ್ರಾಣಿ ಅವನು.

ಹೀಗೆ ಮನುಷ್ಯರ ಜೊತೆ ಮುಖಾಮುಖಿ ಮಾತು ಬಿಟ್ಟು ಕಟ್ಟೆಗೆ ಅಂಟಿಕೊಂಡದ್ದು ಕೈ ಹೋದ ಮೇಲೆ. ಬಲಗೈಯ ಎರಡು ಬೆರಳು ಅರ್ಧದಿಂದ ಮೇಲಕ್ಕಿಲ್ಲ. ಬೀದಿಯಲ್ಲಿ ನಡೆಯುವಾಗ ಆ ಕೈ ಜೇಬಿನಲ್ಲೇ ಇರುತ್ತದೆ. ಕಟ್ಟೆಯಲ್ಲಿ ಯಾರಿಗೆ ಕಾಣಬೇಕು?

ಅದು ಆದದ್ದು ಹೇಗೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮಗೆ ಇನ್ನೊಬ್ಬ ತಮ್ಮನಿದ್ದ. ಎಲ್ಲರಿಗಿಂತ ಚಿಕ್ಕವನು, ಪುಟ್ಟ ಅಂತಲೇ ಕರೆಯುತ್ತಿದ್ದೆವು. ಓದು ತಲೆಗೆ ಹತ್ತಲಿಲ್ಲ ಎಂದು ದೊಡ್ಡವನು ಅವನನ್ನು ತನ್ನ ಜೊತೆಗೇ ಕೆಲಸಕ್ಕೆ ಸೇರಿಸಿಕೊಂಡ. ಒಂದು ಆಫೀಸು ಕಟ್ಟಡದ ಮೇಲಿನ ಮಷೀನ್ ರೂಮಿನಲ್ಲಿ ಲಿಫ್ಟಿನ ಹಗ್ಗ ಸುತ್ತುವ ಗಾಲಿಗೆ ದೊಡ್ಡವನು ಕೈ ಹಾಕಿ ಒರೆಸುತ್ತಿದ್ದ. ಕೆಳಗೆ ಮೇನ್ ಸ್ವಿಚ್ ಆಫ್ ಮಾಡಿ ಅದಕ್ಕೆ ಬೀಗ ಹಾಕುವುದು ಪುಟ್ಟನ ಕೆಲಸ. ಆಫ್ ಮಾಡಿದ, ಬೀಗ ಮರೆತ. ಲಿಫ್ಟ್ ನಿಂತಿದೆಯಲ್ಲ ಎಂದು ಕಾವಲಿನವನು ಬಂದು ಸ್ವಿಚ್ ಹಾಕಿಬಿಟ್ಟ. ಗಾಲಿ ತಿರುಗಿತು.

ರಕ್ತದಲ್ಲಿ ತೊಯ್ದ ಬಟ್ಟೆ ಸುತ್ತಿಕೊಂಡು, ಕೆಲಸದವರೆಲ್ಲರ ಎದುರಿಗೆ ದೊಡ್ಡವನು ಕೂಗಿದನಂತೆ: "ನೀನು ನನ್ನ ತಮ್ಮ ಅಲ್ಲ. ಇನ್ನು ನಿನ್ನ ಮುಖ ತೋರಿಸ್ಬೇಡ."

ತೋರಿಸಲಿಲ್ಲ. ಆಸ್ಪತ್ರೆಯಿಂದ ನಾವು ಬರುವಷ್ಟರಲ್ಲಿ ಬಟ್ಟೆಬರೆ ಕಟ್ಟಿಕೊಂಡು ಹೊರಟುಹೋಗಿದ್ದ. ಆಮೇಲೊಮ್ಮೆ ಪರಿಚಯದವರ ಮೂಲಕ ನಂಬರ್ ಸಿಕ್ಕಿ ನಾನು ಫೋನ್ ಮಾಡಿದೆ. ನನ್ನ ದನಿ ಕೇಳುತ್ತಿದ್ದ ಹಾಗೇ ಇಟ್ಟುಬಿಟ್ಟ. ಮರುದಿನ ಆ ನಂಬರ್ ಚಾಲ್ತಿಯಲ್ಲಿರಲಿಲ್ಲ, ಅವನಿದ್ದ ಬಾಡಿಗೆ ಕೋಣೆಯೂ ಖಾಲಿ. ಅವತ್ತಿನಿಂದ ನಮ್ಮ ಮನೆಯಲ್ಲಿ ಅವನ ಮಾತೆತ್ತುವುದೆಂದರೆ ಹುಣ್ಣಿಗೆ ಉಪ್ಪು ಹಾಕಿದ ಹಾಗೆ. ದೊಡ್ಡವನು ಹಳೇ ಮನೆ ಬಿಟ್ಟು ಈ ಕಟ್ಟಡಕ್ಕೆ ಬಂದ, ನನ್ನ ಗಂಡ ತೀರಿಕೊಂಡ ಮೇಲೆ ನಾನೂ ಇಲ್ಲಿಗೇ ಬಂದೆ, ದೊಡ್ಡವನು ಮದುವೆಯ ಗೋಜಿಗೆ ಹೋಗಲಿಲ್ಲ. ನಾವಿಬ್ಬರು, ಬೆಕ್ಕು ಮತ್ತು ಮುಳ್ಳುಹಂದಿ. ಹೀಗೆ ವರ್ಷಗಳು ಕಳೆದವು.

ಒಂದು ಭಾನುವಾರ ಬೆಳಗ್ಗೆ ನಾನು ಬಟ್ಟೆ ಮಡಚುತ್ತಿದ್ದೆ. ಇವನು ಹೊಸದಾಗಿ ಸೇರಿದ್ದ ಖಾಲಿಡಬ್ಬ ಎಂಬ ಹೆಸರಿನವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದ. ಈಗಿನ ಆಟಗಳು ಚೆನ್ನಾಗಿವೆ ಎಂದು ಖಾಲಿಡಬ್ಬ ಹೇಳಿದ್ದನಂತೆ. "ಹಾಲು ಕುಡಿಯೋ ಕೂಸುಗಳಿಗೆ ಕಟ್ಟೆಯಲ್ಲಿ ಜಾಗ ಇಲ್ಲ" ಎಂದು ಇವನು ಬರೆದ. "ನಿನ್ನಂಥ ಮುದುಕರಿಗೆ ಜೋಕಾಲಿ ಹಾಕಿದಾರೆ, ಹೋಗಿ ಕೂತ್ಕೋ" ಎಂದು ಅವನು ಬರೆದ. ಪರವಾಗಿಲ್ಲ, ಇವನಿಗೆ ಸರಿಯಾದ ಜೋಡಿ ಎಂದು ನನಗೂ ನಗು ಬಂತು. ಇಬ್ಬರ ಜಟಾಪಟಿ ಎಲ್ಲಿಗೆ ಹೋಗುತ್ತದೋ ಎಂದು ಹೆಡ್ಮಾಸ್ಟರು ನಡುವೆ ಬಾಯಿ ಹಾಕಿದರು: "ಸಾಕು ಮಾಡಿ. ಇಬ್ಬರೂ ಮೊದಲು ಆಡಿದ ಆಟ ಯಾವುದು, ಅದನ್ನ ಹೇಳಿ."

ಅಷ್ಟೇ ಸಾಕಾಯಿತು, ಜಗಳ ಹೋಗಿ ಎಲ್ಲರೂ ಹಳೆಯದನ್ನು ನೆನೆಯತೊಡಗಿದರು. ಒಂಟಿ ಸಾಕ್ಸು ಅತ್ತೆ ಮಗನ ಮನೆಯಲ್ಲಿ ಕಾರ್ ರೇಸು ಆಡಲು ಹೋಗಿ ಅಲ್ಲೇ ಊಟ ಮಾಡಿಕೊಂಡು ಬರುತ್ತಿದ್ದನಂತೆ. ನಿದ್ದೆಗೇಡಿ ಕಂಪ್ಯೂಟರ್ ಬಿಸಿಯಾಯಿತೆಂದು ಅಮ್ಮ ಒದ್ದೆ ಟವಲ್ ಹೊದಿಸಿ ಅದನ್ನು ಸಾಯಿಸಿದ ಕತೆ ಹೇಳಿದಳು. ನಾನೂ ಮಡಚುವ ಬಟ್ಟೆ ಬಿಟ್ಟು ತಮ್ಮನ ಹೆಗಲ ಮೇಲಿಂದ ಓದುತ್ತಿದ್ದೆ.

ಆಗ ಖಾಲಿಡಬ್ಬ ಬರೆದ: "ನಮ್ಮನೇಲಿ ನೀಲಿ ಟೊಪ್ಪಿಯವನ ಆಟ. ನೆಲಮಾಳಿಗೆಯಲ್ಲಿ ಹಾವಿನ ಹಳ್ಳ ಬರುತ್ತಲ್ಲ, ಅದನ್ನ ದಾಟೋಕೆ ಎಷ್ಟು ಕಷ್ಟ! ಅಂಚಿನಲ್ಲಿ ಬೆನ್ನು ಕೊಟ್ಟು ಕೂರಬೇಕು, ಹಿಂದಿನಿಂದ ಬಾವಲಿ ಬಂದು ಹೊಡೆಯೋ ತನಕ ಕಾಯಬೇಕು, ಆ ಏಟಿಗೆ ಎಗರಿ ಆಚೆ ಬೀಳ್ತಾನೆ. ಒಂದು ಪ್ರಾಣ ಹೋಗುತ್ತೆ, ಆದರೆ ದಾಟ್ತಾನೆ."

ಕಟ್ಟೆ ಬಿದ್ದು ಬಿದ್ದು ನಕ್ಕಿತು. "ಅಯ್ಯೋ ಪುಣ್ಯಾತ್ಮ, ಅವನು ನೆಗೀತಾನೆ ಕಣೋ! ಕೆಳಗಿನ ಉದ್ದ ಕೀ ಒತ್ತಿದ್ರೆ ಸಾಕು!" ಎಂದು ಒಂಟಿ ಸಾಕ್ಸು ಬರೆದ. "ಬಾವಲಿ ಹತ್ರ ಒದೆ ತಿನ್ನೋಕೆ ಕಾಯ್ತಾ ಕೂತವರನ್ನ ನಾನು ಎಲ್ಲೂ ಕಂಡಿಲ್ಲ," ಎಂದಳು ನಿದ್ದೆಗೇಡಿ.

ಮುಳ್ಳುಹಂದಿ ಮಾತ್ರ ಖಾಲಿಡಬ್ಬನ ಸಾಲಿಗೆ ವಾಪಸ್ ಹೋಗಿ ಮತ್ತೆ ಓದಿದ. ನಾನೂ ಬಗ್ಗಿ ಓದಿದೆ.

ಯಾಕೆಂದರೆ ಅಂಥವರನ್ನು ನಾವು ಕಂಡಿದ್ದೆವು. ಅಪ್ಪನ ಆಫೀಸಿನವರು ಬೇಡವೆಂದು ಬಿಸಾಕಿದ ಕಂಪ್ಯೂಟರನ್ನು ಅಪ್ಪ ಮನೆಗೆ ತಂದಿದ್ದರು. ತಂದ ದಿನವೇ ಅದರ ಕೀಬೋರ್ಡಿನ ಮೇಲೆ ಚಹಾ ಚೆಲ್ಲಿ ಉದ್ದ ಕೀ ಸತ್ತುಹೋಯಿತು. ಅದು ಸತ್ತಿದೆ ಅಂತ ಹುಡುಗರಿಗೆ ಗೊತ್ತಾದರೆ ತಾನೇ? ನೀಲಿ ಟೊಪ್ಪಿಯವನಿಗೆ ನೆಗೆಯಲು ಬರುವುದೇ ಇಲ್ಲ ಎಂದುಕೊಂಡು, ಈ ಇಬ್ಬರು ಬೃಹಸ್ಪತಿಗಳು ಬಾವಲಿಯ ಏಟು ತಿಂದು ತಿಂದು ಇಡೀ ಆಟ ಮುಗಿಸಿದ್ದರು. ಲೋಕದಲ್ಲಿ ಆ ಆಟವನ್ನು ಹಾಗೆ ಆಡಿದವರು ಇಬ್ಬರೇ. ಒಬ್ಬ ನನ್ನ ಪಕ್ಕದಲ್ಲಿ ಕೂತಿದ್ದ.

"ಅಕ್ಕ," ಅಂದ.

"ಬರಿ. ಅಣ್ಣ ಅಂತ ಬರಿ," ಅಂದೆ ನಾನು.

"ಹುಚ್ಚಾ ನಿನಗೆ? ನೀನು ಫೋನ್ ಮಾಡಿದಾಗ ಏನಾಯ್ತು? ಇದ್ದ ಕೋಣೇನೇ ಬಿಟ್ಟು ಓಡಿಹೋದ. ಇದೂ ಹೋದ್ರೆ ಮತ್ತೆ ಎಲ್ಲಿ ಹುಡುಕ್ಲಿ?"

ಅವನ ಮಾತು ಸುಳ್ಳೆನ್ನುವಂತಿರಲಿಲ್ಲ. ನಾನು ಸುಮ್ಮನಾದೆ. ನನ್ನ ಸುಮ್ಮನಿರುವಿಕೆಗೆ ಆಯುಸ್ಸು ಕಡಿಮೆ, ಅದು ಬೇರೆ ವಿಷಯ.

ಅಂದಿನಿಂದ ಮುಳ್ಳುಹಂದಿ ಗುರುತು ಬಿಟ್ಟುಕೊಡದೆ ತಮ್ಮನ ಜೊತೆ ಹರಟಿದ. ಬೈದರೆ ಅವನು ಇನ್ನಷ್ಟು ಬೈಯುತ್ತಾನೆ, ಹಾಗಾಗಿ ಬೈದ. ಆದರೆ ಅಂಗಡಿಯಲ್ಲಿ ಕೂಸಿಗೆ ಮಾತ್ರೆಯನ್ನು ಪುಡಿ ಮಾಡಿ ಕೊಡುವ ತಾಯಂದಿರನ್ನು ನಾನು ದಿನಾ ನೋಡುತ್ತೇನೆ, ಇವನೂ ಹಾಗೇ ಬೈಗುಳವನ್ನು ನುಣ್ಣಗೆ ಮಾಡಿ ಕೊಡುತ್ತಿದ್ದ. ಖಾಲಿಡಬ್ಬ ಎಲ್ಲಿದ್ದಾನೆ, ಏನು ಮಾಡುತ್ತಾನೆ, ಊಟಕ್ಕೇನು, ಒಂದನ್ನೂ ನೇರವಾಗಿ ಕೇಳುವಂತಿಲ್ಲ. ಗೋದಾಮಿನಲ್ಲಿ ಕೆಲಸವಂತೆ, ಒಬ್ಬನೇ ಇರುವನಂತೆ, ಬಿಡುವಿನಲ್ಲಿ ದಪ್ಪ ದಪ್ಪ ಕಾದಂಬರಿ ಓದುತ್ತಾನಂತೆ. ಇಷ್ಟನ್ನು ಸುತ್ತು ಬಳಸಿ ತಿಳಿಯಲು ಬೇಸಿಗೆಯೇ ಕಳೆಯಿತು.

ಆ ಕಾದಂಬರಿಗಳಲ್ಲೂ ಸೇತುವೆ ಕಾಯುವವರ ಕತೆಯೆಂದರೆ ಅವನಿಗೆ ಹುಚ್ಚು. ಅದರ ಬಗ್ಗೆ ಬರೆಯಲು ಕೂತರೆ ನಿಲ್ಲುತ್ತಿರಲಿಲ್ಲ. ಓದದೇ ಗೇಲಿ ಮಾಡುತ್ತಿದ್ದ ನನ್ನ ತಮ್ಮ ಈಗ ಗ್ರಂಥಾಲಯಕ್ಕೆ ಹೋಗಿ ಇಟ್ಟಿಗೆಯಂಥ ಸಂಪುಟಗಳನ್ನು ಹೊತ್ತು ತಂದ. ಊಟದ ಹೊತ್ತಿನಲ್ಲಿ ಮಷೀನ್ ರೂಮಿನ ಗ್ರೀಸು ವಾಸನೆಯಲ್ಲಿ ಕೂತು ಓದಿದ. ಮನೆಯಲ್ಲಿ ಸಾರಿನ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಓದಿದ. ಅರ್ಧ ಬೆರಳುಗಳಿಂದ ಹಾಳೆ ಸರಿಸಲು ಒದ್ದಾಡುತ್ತಿದ್ದ. "ಈ ತೋಳ ಯಾಕೆ ಮಾತಾಡುತ್ತೆ ಅಕ್ಕ?" ಎಂದು ಕೇಳುತ್ತಿದ್ದ. "ನಿನಗಿಂತ ಬುದ್ಧಿ ಇದೆ, ಅದಕ್ಕೆ," ಎನ್ನುತ್ತಿದ್ದೆ.

ಆ ಕತೆಯಲ್ಲಿ ಒಬ್ಬ ಹುಡುಗ ಬರುತ್ತಾನೆ. ತೂಗುಸೇತುವೆಯ ಸರಪಳಿಗೆ ಕೊಕ್ಕೆ ಹಾಕಲು ಮರೆಯುತ್ತಾನೆ, ಸೇತುವೆ ಕುಸಿದು ಅವನ ನಾಯಕನ ಕಾಲು ಹೋಗುತ್ತದೆ. ಹುಡುಗ ಕಾಡಿಗೆ ಓಡಿಹೋಗುತ್ತಾನೆ. ಮುಂದಿನ ಯಾವ ಸಂಪುಟದಲ್ಲೂ ಅವನ ಸುಳಿವಿಲ್ಲ. ಹೀಗೆ ಅವನನ್ನು ಕೈಬಿಟ್ಟದ್ದು ಸರಿಯೇ ಎಂದು ಕಟ್ಟೆಯಲ್ಲಿ ಚರ್ಚೆ ಎದ್ದಿತು.

"ಸರಿಯಾಗೇ ಮಾಡಿದಾರೆ," ಎಂದು ಖಾಲಿಡಬ್ಬ ಬರೆದ. "ಅಂಥವನು ವಾಪಸ್ ಬರಬಾರದು. ಬಂದು ಯಾವ ಮುಖ ತೋರಿಸ್ತಾನೆ?"

"ಬರಬೇಕಿತ್ತು," ಎಂದು ಮುಳ್ಳುಹಂದಿ ಬರೆದ. ತಮಾಷೆಯಿಲ್ಲ, ಚುಚ್ಚುಮಾತಿಲ್ಲ. "ಅವನು ಹುಡುಗ. ಮರೆತ. ನಾಯಕನೇ ಹೋಗಿ ಕಾಡಿನಿಂದ ಕರ್ಕೊಂಡು ಬರಬೇಕಿತ್ತು."

ಕಟ್ಟೆಗೆ ಕಟ್ಟೆಯೇ ಕಣ್ಣುಜ್ಜಿಕೊಂಡಿತು. "ಯಾರಪ್ಪ ಇದು? ಮುಳ್ಳುಹಂದಿಯ ಖಾತೆ ಯಾರಾದ್ರೂ ಕದ್ದಿದಾರಾ?" ಎಂದರು ಹೆಡ್ಮಾಸ್ಟರು.

ಖಾಲಿಡಬ್ಬನಿಗೆ ಮಾತ್ರ ಸಿಟ್ಟು ಬಂದಿತ್ತು. "ಕಾಲು ಕಳ್ಕೊಂಡವನು ಹೇಳಿದ್ರೆ ಒಪ್ಕೋತೀನಿ. ಹೇಳೋಕೆ ನೀನ್ಯಾರು?"

ನನ್ನ ತಮ್ಮ ಆ ಸಾಲನ್ನೇ ನೋಡುತ್ತಾ ಕೂತ. ಕಣ್ಣಲ್ಲಿ ನೀರು ತುಂಬಿ ಬಂತು. ಒರೆಸಿಕೊಳ್ಳಲೂ ಇಲ್ಲ. ನನಗೆ ತಡೆಯಲಾಗಲಿಲ್ಲ. ಎಷ್ಟು ದಿನ ಈ ಕಣ್ಣಾಮುಚ್ಚಾಲೆ? ಅವನನ್ನು ಪಕ್ಕಕ್ಕೆ ತಳ್ಳಿ, ಅವನು ಬೇಡ ಬೇಡ ಎನ್ನುತ್ತಿರುವಾಗಲೇ ಟೈಪ್ ಮಾಡಿ ಕಳಿಸಿಬಿಟ್ಟೆ: "ಏ ಪುಟ್ಟಾ, ನಾನು ಕಣೋ ಅಕ್ಕ. ಕಳ್ಕೊಂಡವನೇ ಹೇಳ್ತಿದಾನೆ, ಕೇಳು. ನಿಮ್ಮಣ್ಣ ಇಲ್ಲೇ ಕೂತು ಅಳ್ತಿದಾನೆ. ನಾಟಕ ಸಾಕು, ಮನೆಗೆ ಬಾ."

ಖಾಲಿಡಬ್ಬನ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿಹೋಯಿತು.

"ಓಡಿಸಿಬಿಟ್ಟೆಯಲ್ಲೇ," ಅಂದ ನನ್ನ ತಮ್ಮ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ವಾರವೆಲ್ಲ ತಟ್ಟೆಗೆ ಹಾಕಿದ್ದನ್ನು ತಿಂದು, ತಲೆ ತಗ್ಗಿಸಿಕೊಂಡು ಕೆಲಸಕ್ಕೆ ಹೋಗಿ ಬಂದ. ಅಂಗಡಿಯಲ್ಲಿ ನಾನು ಕೆಮ್ಮಿನ ಔಷಧಿ ಕೇಳಿದವರಿಗೆ ಹೊಟ್ಟೆನೋವಿನದು ಕೊಡಲು ಹೋಗಿ ಬೈಸಿಕೊಂಡೆ.

ಶುಕ್ರವಾರ ಸಂಜೆ ನಾನು ಬರುವ ಹೊತ್ತಿಗೆ ಅವನು ಕೆಲಸದ ಬೂಟನ್ನೂ ಬಿಚ್ಚದೆ ಕಂಪ್ಯೂಟರ್ ಮುಂದೆ ಕೂತಿದ್ದ. ಕಟ್ಟೆಯಲ್ಲಿ ಖಾಲಿಡಬ್ಬ ಬರೆದಿದ್ದ: "ಅಕ್ಕ, ಬೇಜಾರು ಮಾಡ್ಕೋಬೇಡ. ಅಣ್ಣನ ಕೈ ನೋಡೋ ಧೈರ್ಯ ನನಗಿಲ್ಲ. ನನ್ನಿಂದ ಆದದ್ದು ಅದು. ಖಾತೆ ಮುಚ್ಚೋಕೆ ಹೆಡ್ಮಾಸ್ಟರಿಗೆ ಹೇಳಿದೀನಿ. ಹುಡುಕಬೇಡಿ."

ಅದರ ಕೆಳಗೆ ಹೆಡ್ಮಾಸ್ಟರ ಒಂದು ಸಾಲು: "ನಾಳೆ ಬೆಳಗ್ಗೆ ತನಕ ಮುಚ್ಚೋದಿಲ್ಲ. ಹೇಳೋದಿದ್ದವರು ಹೇಳಿ." ಆ ಪುಣ್ಯಾತ್ಮರ ಮುಖ ನಾನು ನೋಡಿಲ್ಲ, ನೋಡಿದರೆ ಕೈ ಮುಗಿಯುತ್ತೇನೆ.

ನಾನು ಬಾಯಿ ತೆರೆದೆ. ತಮ್ಮ ಎಡಗೈ ಎತ್ತಿ ನನ್ನನ್ನು ತಡೆದ. ಆಮೇಲೆ ಒಂದೊಂದೇ ಅಕ್ಷರ ಒತ್ತುತ್ತಾ ಬರೆದ. ನಾನು ಹಿಂದೆ ನಿಂತು ಓದಿದೆ.

"ಪುಟ್ಟ, ನಮ್ಮ ಕೆಲಸದ ನಿಯಮ ನಿನಗೆ ನೆನಪಿಲ್ಲ ಅನ್ಸುತ್ತೆ. ಮಷೀನಿಗೆ ಯಾರು ಕೈ ಹಾಕ್ತಾನೋ ಅವನು ತನ್ನ ಬೀಗ ತಾನೇ ಹಾಕ್ಬೇಕು, ಕೀ ತನ್ನ ಜೇಬಲ್ಲೇ ಇಟ್ಕೋಬೇಕು. ಇಬ್ಬರು ಕೆಲಸ ಮಾಡಿದ್ರೆ ಎರಡು ಬೀಗ. ಕೈ ಹಾಕಿದ್ದು ನಾನು. ನನ್ನ ಬೀಗ ನನ್ನ ಚೀಲದಲ್ಲೇ ಇತ್ತು. ಮೆಟ್ಟಿಲು ಇಳಿದು ಹೋಗೋಕೆ ಸೋಮಾರಿತನ ಆಯ್ತು, ನಿನಗೆ ಹೇಳಿ ಕಳಿಸ್ದೆ. ಹೊಸಬನ ಮೇಲೆ ಬಿಡೋ ಕೆಲಸವೇ ಅಲ್ಲ ಅದು. ತಪ್ಪು ನನ್ನದು. ಅದು ಅವತ್ತೇ ಗೊತ್ತಿತ್ತು, ಅದಕ್ಕೇ ಅಷ್ಟು ಜೋರಾಗಿ ನಿನ್ನ ಮೇಲೆ ಕೂಗಿದ್ದು. ಬೆರಳು ಹೋಗಿದ್ದು ನನಗೆ ದೊಡ್ಡದಲ್ಲ. ಆ ಮಾತು ಆಡಿದ್ದು ದೊಡ್ಡದು. ಬಾರೋ."

ಅಷ್ಟೂ ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ಅವನ ಬೆನ್ನಿಗೆ ಎರಡು ಗುದ್ದಬೇಕು ಅನ್ನಿಸಿತು. ತಲೆ ನೇವರಿಸಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಿದೆ. ನಮ್ಮ ಈಗಿನ ಮನೆಯ ವಿಳಾಸ ಪುಟ್ಟನಿಗೆ ಗೊತ್ತಿರಲಾರದು ಎಂದು ಅದನ್ನು ಹೆಡ್ಮಾಸ್ಟರಿಗೆ ಗುಟ್ಟಾಗಿ ಕಳಿಸಿ, ಅವನಿಗೆ ತಲುಪಿಸಿ ಎಂದು ಕೇಳಿಕೊಂಡೆವು. ಉತ್ತರ ಬರಲಿಲ್ಲ. ಶನಿವಾರ ಬೆಳಗ್ಗೆ ನೋಡಿದರೆ ಖಾಲಿಡಬ್ಬನ ಖಾತೆ ಮುಚ್ಚಿತ್ತು. ತಮ್ಮ ಕಂಪ್ಯೂಟರ್ ಆರಿಸಿ, ಅದಕ್ಕೊಂದು ಬಟ್ಟೆ ಹೊದಿಸಿದ.

ಭಾನುವಾರ ಬಾಗಿಲು ಬಡಿದ ಸದ್ದಾದಾಗ ನಾನು ಹಾಲಿನವನೆಂದುಕೊಂಡೆ. ತೆರೆದರೆ, ನರೆತ ಗಡ್ಡದ, ತೆಳ್ಳಗಿನ ಒಬ್ಬ ಮನುಷ್ಯ ಮೆಟ್ಟಿಲು ಹತ್ತಿದ ಆಯಾಸಕ್ಕೆ ಗೋಡೆ ಹಿಡಿದು ನಿಂತಿದ್ದ. ನಮ್ಮ ಪುಟ್ಟನಿಗೆ ಗಡ್ಡ ನರೆತಿದೆ. ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ನನ್ನ ಬಾಯಿಂದ!

ನನ್ನ ಹಿಂದೆ ದೊಡ್ಡವನು ಬಂದು ನಿಂತ. ಕೈ ಜೇಬಿಗೆ ಹೋಗಲು ನೋಡಿತು. ಮನೆಯ ಪೈಜಾಮಕ್ಕೆ ಜೇಬಿರಲಿಲ್ಲ. ಬೆನ್ನ ಹಿಂದೆ ಮರೆಮಾಡಿಕೊಂಡ.

"ಅಣ್ಣಾ, ಕೈ ಕೊಡು," ಅಂದ ಪುಟ್ಟ.

"ಏನಿದೆ ಅದರಲ್ಲಿ ನೋಡೋಕೆ? ಒಳಗೆ ಬಾ."

"ಮೊದ್ಲು ಕೈ ಕೊಡು."

ಕೊಟ್ಟ. ಪುಟ್ಟ ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳು ನಿಂತುಹೋದ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. "ನೋವಾಗುತ್ತಾ?"

"ಚಳಿಗೆ ಸ್ವಲ್ಪ."

"ಬೀಗದ ವಿಷಯ ಇಷ್ಟು ವರ್ಷ ಯಾರಿಗೂ ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲೋ? ಹೇಳ್ಬೇಕಾಗಿದ್ದು ನಿನಗೊಬ್ಬನಿಗೆ. ನೀನೇ ಇರ್ಲಿಲ್ಲ."

ಪುಟ್ಟ ಆ ಕೈಯನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ದೊಡ್ಡವನೂ ಅವನ ಪಕ್ಕ ಕೂತ. ಕೆಳಗಿನಿಂದ ಚೀಲ ಹಿಡಿದು ಬಂದ ಮೇಲಿನ ಮನೆಯಾಕೆ ಹೋಗಲು ದಾರಿಯಿಲ್ಲದೆ ಅವರಿಬ್ಬರನ್ನೂ, ನನ್ನನ್ನೂ ನೋಡುತ್ತಾ ನಿಂತರು.

"ಸ್ವಲ್ಪ ತಡೀರಿ," ಅಂದೆ. "ನನ್ನ ತಮ್ಮಂದಿರು ಕೂತಿದಾರೆ."